ಐದೇಶಿಯ ಕುಲಾವಿ

ಅಂದು ಮುಂಜಾನೆ ಬೈರಿದೇವರಕೊಪ್ಪದ ಓಣಿಗಳಲ್ಲಿ ಇಬ್ಬನಿ ನೆಲಕ್ಕೇ ಇಳಿದು ಕೂತಿತ್ತು. ಹತ್ತು ಮಾರು ಆಚೆಯ ಮನೆ ಕಾಣದು. ತೊಂಬತ್ತೆಂಟನೆಯ ಇಸವಿಯ ಎಳ್ಳಮಾವಾಸ್ಯೆಯ ಚಳಿ. ಹೊತ್ತು ಏರಿದರೂ ಬಿಸಿಲಿಗೆ ಕಾವು ಬಂದಿರಲಿಲ್ಲ.

ಸಾವಕ್ಕ ಅಂಗಳ ಸಾರಿಸಿ, ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಸೊಸೆ ಭುವನೇಶ್ವರಿ ಹಡೆದು ಅಂದಿಗೆ ಐದನೆಯ ದಿನ, ಸಂಜೆಗೆ ಐದೇಶಿ. ಆ ರಾತ್ರಿ ಸೆಟವಿ ತಾಯಿ ಮನೆಗೆ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆಂಬುದು ನಮ್ಮ ಕಡೆಯ ನಂಬಿಕೆ. ಮನೆಯಲ್ಲಿ ಎಲ್ಲ ಸಿದ್ಧವಿತ್ತು. ಕೂಸು ಮಾತ್ರ ಇರಲಿಲ್ಲ.

ಬಸುರಿಯನ್ನು ತವರಿಗೆ ಕರೆದೊಯ್ಯುವ ಮೊದಲೇ, ಎಂಟು ತಿಂಗಳಿಗೇ ಹುಟ್ಟಿದ ಗಂಡುಕೂಸು. ಒಂದು ಕಿಲೋ ಇನ್ನೂರು ಗ್ರಾಂ. ದವಾಖಾನೆಯ ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಮೊದಲ ದಿನ ಮೂಗಿಗೆ ಗಾಳಿಯ ನಳಿಗೆ. ಎರಡನೆಯ ದಿನ ತಾಯಿ ಹಿಂಡಿಕೊಟ್ಟ ಹಾಲು, ಅದೂ ನಳಿಗೆಯಿಂದಲೇ, ಕೆಲವೇ ಹನಿ. ಮೂರನೆಯ ದಿನ ಮೈ ಹಳದಿಯಾಯಿತೆಂದು ನೀಲಿ ಬೆಳಕಿನಡಿ ಇಟ್ಟರು. ನಾಲ್ಕನೆಯ ದಿನ ಗಾಳಿಯ ನಳಿಗೆ ತೆಗೆದರು. ಕೂಸು ತಾನೇ ಉಸಿರಾಡಿತು. ಭುವನೇಶ್ವರಿ ಗಾಜಿಗೆ ಹಣೆ ಹಚ್ಚಿ ಅತ್ತಳು.

ಆ ಒಳ್ಳೆಯ ಸುದ್ದಿಯೇ ಕೇಡಿಗೆ ಬಾಗಿಲಾಯಿತು.

"ನಳಿಗಿ ತಗದಾರಂದಮ್ಯಾಲೆ ಛಲೋ ಆತಲ್ಲರಿ," ಎಂದು ಸಾವಕ್ಕ ಐದನೆಯ ದಿನ ಮಧ್ಯಾಹ್ನ ವೈದ್ಯೆಯ ಮುಂದೆ ನಿಂತಳು. "ಒಂದ ರಾತ್ರಿ ಕೊಡ್ರಿ. ಐದೇಶಿ ಮುಗಿಸಿ ಮುಂಜಾನೆ ತಂದ ಬಿಡ್ತೇವಿ."

"ಅವ್ವಾರ, ನಿಮ್ಮ ಕೂಸು ಉಸಿರಾಡೂದು ಕಲ್ತೈತ್ರಿ. ಮೈಯಾಗ ಬಿಸಿ ಹಿಡಕೊಳ್ಳೂದು ಇನ್ನಾ ಕಲ್ತಿಲ್ಲ. ಈ ಥಂಡ್ಯಾಗ ಒಯ್ದರ ಉಳಿಯಂಗಿಲ್ಲ."

"ಹಂಗಾರ ಇಲ್ಲೇ ದೀಪಾ ಹಚ್ಚಾಕ ಬಿಡ್ರಿ."

"ಆಕ್ಸಿಜನ್ ಇದ್ದಲ್ಲೆ ಬೆಂಕಿ ಹಚ್ಚಾಕ ಬರಂಗಿಲ್ರಿ. ಎಂಟ ತಿಂಗಳ ಹೊಟ್ಟಿಯೊಳಗ ಕತ್ತಲದಾಗ ಕಾಯ್ದ ಸೆಟವಿ ತಾಯಿ, ಇಲ್ಲೆ ದೀಪಾ ಇಲ್ಲಂತ ಕಾಯೂದ ಬಿಡ್ತಾಳೇನ್ರಿ?"

ಸಾವಕ್ಕ ಜಗ್ಗಲಿಲ್ಲ. "ನೀವು ಸಾಲಿ ಕಲ್ತವರು. ನನ್ನ ಚೊಚ್ಚಲ ಕೂಸಿಗೆ ಐದೇಶಿ ತಪ್ಪಿತ್ರಿ. ಒಂಬತ್ತನೇ ದಿನಕ್ಕ ಹೋತು. ಹಣಿ ಬರಿಯಾಕಿನ್ನ ಬಾಗಲದಾಗಿಂದ ತಿರುಗಿ ಕಳಸೂದ ಹೆಂಗ?"

ಭುವನೇಶ್ವರಿ ಗಂಡನ ತೋಳು ಹಿಡಿದಳು. "ನೀವರ ಹೇಳ್ರಿ. ಒಯ್ಯೂದು ಬ್ಯಾಡ."

ಪರಮೇಶ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಒಂದ ರಾತ್ರಿ ಅಲ್ಲೇನ," ಎನ್ನುತ್ತ, ತಮ್ಮ ಜವಾಬ್ದಾರಿಯ ಮೇಲೆ ಕೂಸನ್ನು ಒಯ್ಯುತ್ತೇವೆಂಬ ದವಾಖಾನೆಯ ಕಾಗದಕ್ಕೆ ಸಹಿ ಹಾಕಿದ.

ಪಕ್ಕದ ಪೆಟ್ಟಿಗೆಯ ಕೂಸಿನ ಅಜ್ಜಿ ಬಿಬಿಜಾನ. ಐದು ದಿನ ಆಕೆಯೂ ಸಾವಕ್ಕನೂ ಒಂದೇ ಬಾಕಿನ ಮೇಲೆ ಕೂತು ರೊಟ್ಟಿ ಹಂಚಿಕೊಂಡಿದ್ದರು. "ನಿಮ್ಮ ಪೈಲವಾನ ಇವತ್ತ ಎಷ್ಟ ತೂಗಿದ?" ಎಂಬುದು ಇಬ್ಬರ ದಿನದ ಚೇಷ್ಟೆ. ಈಗ ಬಿಬಿಜಾನ ತಾನು ಹೆಣೆದಿದ್ದ ಹಸಿರು ಉಣ್ಣೆಯ ಕುಲಾವಿಯನ್ನು ತಂದು ಕೂಸಿನ ತಲೆಗೆ ತೊಡಿಸಿದಳು.

"ತಲಿ ತೆರೀಬ್ಯಾಡಕ್ಕಾ. ಕೂಸಿನ ಬಿಸಿ ಎಲ್ಲಾ ತಲ್ಯಾಗಿಂದನ ಹೋಗತೈತಂತ. ನಾಳೆ ಮುಂಜಾನೆ ನನಗ ಹೊಳ್ಳಿ ಬೇಕು ಮತ್ತ!"

"ಕೊಡ್ತೇನವಾ. ಮಾತಂದರ ಮಾತ."

ಸಂಜೆ ಮನೆಯಲ್ಲಿ ಸಾವಕ್ಕ ಕೂಸಿಗೆ ಬಿಸಿನೀರು ಎರೆದಳು. ಮೊರದಲ್ಲಿ ಬಟ್ಟೆ ಹಾಸಿ ಮಲಗಿಸಿ, ತಲೆದೆಸೆಗೆ ಬಿಳಿ ಹಾಳೆ, ಲೇಖಣಿ, ದೀಪ ಇಟ್ಟಳು. ಆಮೇಲೆ ಕುಲಾವಿಯನ್ನು ಬಿಚ್ಚಿದಳು.

"ಅದನ್ನ ತೆಗೀಬ್ಯಾಡ್ರಿ ಅತ್ತಿ!"

"ಹಣಿ ಮುಚ್ಚಿದರ ತಾಯಿ ಎಲ್ಲಿ ಬರೀಬೇಕ, ಹುಚ್ಚಿ?"

ಸೆಟವಿ ತಾಯಿ ಬರಲೆಂದು ಕದವನ್ನೂ ತೆರೆದೇ ಇಟ್ಟರು. ಒಳಗೆ ಬಂದದ್ದು ಇಬ್ಬನಿ. ಭುವನೇಶ್ವರಿ ಕೂಸಿನ ಪಾದವನ್ನು ಮುಟ್ಟಿ ಮುಟ್ಟಿ ನೋಡಿದಳು. ಮೊದಲು ತಣ್ಣಗಿತ್ತು, ಆಮೇಲೆ ಕಲ್ಲಿನಂತಿತ್ತು. ಕಡೆಗೆ ಯಾರ ಮಾತನ್ನೂ ಕೇಳದೆ ಎತ್ತಿ ಎದೆಗೆ ಅವಚಿಕೊಂಡಳು. ಅಷ್ಟರಲ್ಲಿ ಅದು ಅಳುವುದನ್ನು ಮರೆತಿತ್ತು. ಕೋಳಿ ಕೂಗುವ ಮೊದಲೇ ಹೋಯಿತು. ಹಾಳೆ ಬಿಳಿಯಾಗಿಯೇ ಇತ್ತು.

ತಾಯಂದಿರೇ, ಸೆಟವಿಯನ್ನು ನಾನೂ ನಂಬುತ್ತೇನೆ. ಅದಕ್ಕೇ ಕೇಳುತ್ತೇನೆ: ಆಕೆ ನಾಲ್ಕನೆಯ ದಿನವೇ ಆ ಗಾಜಿನ ಪೆಟ್ಟಿಗೆಗೆ ಬಂದು 'ಉಸಿರು' ಎಂದು ಬರೆದು ಹೋಗಿರಲಿಲ್ಲವೇ? ಅಳಿಸಿದವರು ಯಾರು?

ಮೂರು ದಿನ ಕಳೆದು ಸಾವಕ್ಕ ದವಾಖಾನೆಗೆ ಬಂದಳು. ಬಿಬಿಜಾನ ಬಾಕಿನ ಮೇಲೆ ಸರಿದು ಜಾಗ ಮಾಡಿದಳು.

"ಬಾ ಅಕ್ಕಾ, ಎಷ್ಟ ಹಾದಿ ನೋಡಿದೆ! ನಮ್ಮಾಂವ ಇವತ್ತ ಮೂವತ್ತ ಗ್ರಾಂ ಏರ್ಯಾನ. ನಿಮ್ಮ ಪೈಲವಾನ?"

ಸಾವಕ್ಕ ಸೆರಗಿನ ಗಂಟು ಬಿಚ್ಚಿದಳು. ಒಗೆದು, ಬಿಸಿಲಿಗೆ ಒಣಗಿಸಿ ಮಡಚಿದ್ದ ಹಸಿರು ಕುಲಾವಿಯನ್ನು ಬಿಬಿಜಾನಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದಳು.