ಬಾಗಿಲು ಹಾಕಿದ ಕೈ

ಜೋಳದ ಹಿಟ್ಟು ಸಾಣಿಸುತ್ತಿದ್ದೆ. ಗುಡ್ಡವ್ವನ ಅಂಬಲಿಗೆ ನುಣ್ಣಗಿನ ಹಿಟ್ಟೇ ಆಗಬೇಕು. ಚೂರು ತೌಡು ಉಳಿದರೂ ನುಂಗಲಾರಳು. ಗುಡ್ಡವ್ವ ನನ್ನ ತಂಗಿ. ಹೊಟ್ಟೆಯ ಗಡ್ಡೆ ದೊಡ್ಡದಾದ ಮೇಲೆ ಅವಳನ್ನು ಹುಕ್ಕೇರಿಯಿಂದ ಮಮದಾಪುರಕ್ಕೆ, ನನ್ನ ಮನೆಗೇ ಕರೆತಂದಿದ್ದೆ.

ಗೋಕಾಕದಿಂದ ಬರುವ ನರ್ಸ್ ಸುಮನ್ ಅವಳಿಗೆ ಔಷಧ ಕುಡಿಸಿ ಪಡಸಾಲೆಗೆ ಬಂದಳು.

"ಔಷಧ ಹೆಚ್ಚ ಮಾಡಿದ್ರಲ್ರಿ ಬಾಯಾರ? ಇಷ್ಟೊತ್ತಿಗೆ ಕಡಿಮಿ ಆಗಬೇಕಿತ್ತಲ್ಲ? ದೀಪಾವಳಿಗೆ ಆಕಿನ್ನ ಮೂಡಲಗಿಗೆ ಕರ್ಕೊಂಡ ಹೋಗಾಂವ್ರ ಇದ್ದೇವಿ" ಎಂದೆ.

ಸುಮನ್ ನನ್ನ ಪಕ್ಕ ನೆಲಕ್ಕೇ ಕುಳಿತಳು. "ಹುಕ್ಕೇರಿ ಡಾಕ್ಟರ್ ನಿಮಗ ಏನಂದಿದ್ರ ಆಯಿ?"

"ಇನ್ನ ಮುಂದ ಉಪಶಮನ ಚಿಕಿತ್ಸೆ ಅಂದ್ರು. ಶಮನ ಅಂದ್ರ ಇಳಿಯೂದು. ರಾತ್ರಿ ಸಾಲ್ಯಾಗ ಕಲ್ತೇನ್ರಿ ನಾ, ಮಳೆ ಬಂದು ಧಗೆ ಶಮನವಾಯಿತು ಅಂತ."

ಅಂದು ಹುಕ್ಕೇರಿಯಿಂದ ಬರುವಾಗ ಬಸ್ಸಿನಲ್ಲಿ ಗುಡ್ಡವ್ವನಿಗೂ ಇದನ್ನೇ ಬಿಡಿಸಿ ಹೇಳಿದ್ದೆ. "ಮುದುಕಿ ಆದಮ್ಯಾಲ ಕಲ್ತ ಸಾಲಿ ಉಪಯೋಗಕ್ಕ ಬಂತ ಬಿಡಕ್ಕಾ" ಎಂದು ನಕ್ಕಿದ್ದಳು.

"ಧಗಿ ಇಳಿತೈತ್ರಿ ಆಯಿ, ಬ್ಯಾಸಗಿ ಹೋಗಂಗಿಲ್ಲ" ಎಂದಳು ಸುಮನ್. "ನೋವಷ್ಟ ಕಡಿಮಿ ಮಾಡತೇವಿ. ಬ್ಯಾನಿ ವಾಸಿ ಮಾಡಾಕ ಆಗೂದಿಲ್ಲ ಅಂದಾಗ ಆ ಮಾತ ಹೇಳತಾರ. ದೀಪಾವಳಿ ಮಾತ ಬಿಡ್ರಿ. ನೋಡಬೇಕಾದವರನ್ನ ಈ ವಾರದಾಗ ಕರಸ್ರಿ."

ನಾನು ಸಾಣಿಸುತ್ತಲೇ ಇದ್ದೆ. ಸಾಣಿಗೆಯಲ್ಲಿ ಹಿಟ್ಟಿಲ್ಲವೆಂದು ತಿಳಿದದ್ದು ಸುಮನ್ ನನ್ನ ಕೈ ಹಿಡಿದು ನಿಲ್ಲಿಸಿದಾಗ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಎದ್ದು ಅಂಬಲಿಗೆ ಎಸರಿಟ್ಟೆ.

ನೋಡಬೇಕಾದವಳು ಒಬ್ಬಳೇ, ಗುಡ್ಡವ್ವನ ಮಗಳು ದೀಪಾ. ಕುರಿ ಕಾಯುವ ಮನೆಯ ಹುಡುಗಿ ಮೂಡಲಗಿಯ ಕಿರಾಣಿ ಅಂಗಡಿಯ ಶ್ರೀಶೈಲನನ್ನು ಮದುವೆಯಾಗಿ ಬಂದಾಗ ಗುಡ್ಡವ್ವ ಅವಳ ಮುಖದ ಮೇಲೇ ಬಾಗಿಲು ಹಾಕಿದ್ದಳು. ಅಂದಿನಿಂದ ಮಾತಿಲ್ಲ, ದೀಪಾ ಫೋನಿನ ನಂಬರನ್ನೂ ಬದಲಿಸಿದ್ದಳು. ಹಾಸಿಗೆ ಹಿಡಿದ ಮೇಲೆ ಗುಡ್ಡವ್ವ ನನ್ನಿಂದ ಅವಳಿಗೆ ಒಂದು ಕಾಗದ ಬರೆಸಿದ್ದಳು: 'ಸಿಟ್ಟಿಲ್ಲ. ಬಾ.'

ಅದನ್ನು ಕಳಿಸುವುದು ಬೇಡ ಎಂದವಳು ನಾನು. ನಮ್ಮ ಮನೆತನದಲ್ಲಿ ಬಾಗಿಲು ಹಾಕಿದ ಕೈಯೇ ಹೋಗಿ ಹಣೆಗೆ ದೇವರ ಅರಿಷಿಣದ ಭಂಡಾರ ಹಚ್ಚಬೇಕು. ಬರೀ ಕಾಗದ ಕಳಿಸಿದರೆ ಕರೆದಂತಲ್ಲ. "ಬ್ಯಾನಿ ಇಳಿಲಿ, ಇಬ್ಬರೂ ಹೋಗೂಣು" ಎಂದಿದ್ದೆ. ಕಾಗದ ಮನೆದೇವರು ಬೀರಪ್ಪನ ಫೋಟೋದ ಹಿಂದೆ ಉಳಿದಿತ್ತು.

ಅಂಬಲಿಯ ಬಟ್ಟಲಿನ ಜೊತೆಗೆ ಅದನ್ನೂ ಒಳಗೆ ಒಯ್ದೆ. ಗುಡ್ಡವ್ವ ಕಾಗದವನ್ನು ನೋಡಿದಳು.

"ನಾವ ಹೋಗೂದಿಲ್ಲೇನಕ್ಕಾ?"

"ಆಕಿನ ಬರಲಿ."

ಅವಳು ತೊಲೆಯ ಕಡೆ ನೋಡುತ್ತಾ ಮಲಗಿದ್ದಳು. ಆಮೇಲೆ, "ಹಂಗಾರ ಲಗೂನ ಕಳಸ" ಎಂದಳು.

ಬೀರಪ್ಪನ ಮುಂದಿನ ಭಂಡಾರದ ತಟ್ಟೆ ತಂದೆ. ಅವಳ ಬಲಗೈಯನ್ನು ಅದರಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದೆ. ಬೆರಳು ಮೂಡಲಿಲ್ಲ, ಅಂಗೈ ಮೂಡಿತು.

"ಇಷ್ಟ ಸಾಕಾಗತೈತೇನ?" ಎಂದು ಕೇಳಿದಳು.

"ಸಾಕು" ಎಂದೆ. ನನಗೆ ಗೊತ್ತಿರಲಿಲ್ಲ.

ಅಂಚೆಗೆ ಹಾಕಿದರೆ ತಡವಾದೀತೆಂದು ಸುಮನ್‌ಳನ್ನು ಗುಡ್ಡವ್ವನ ಬಳಿ ಕೂರಿಸಿ ಬಸ್ಸಿನ ಹತ್ತಿರ ಹೋದೆ. ಮೂಡಲಗಿ ಬಸ್ಸಿನ ಕಂಡಕ್ಟರ್ ಸಿದ್ರಾಯ ನಮ್ಮ ಓಣಿಯವನೇ.

"ಏನ ಸೀತವ್ವಾಯಿ, ಅರಿಷಿಣ ಹಚ್ಚಿದ ಕಾಗದ! ಯಾರ್ದ ಲಗ್ನ? ನನಗೂ ಉಣ್ಣಾಕ ಕರೀತಿಯೋ ಇಲ್ಲೋ?"

"ಲಗ್ನ ಅಲ್ಲೋ. ಬಸ್‌ಸ್ಟ್ಯಾಂಡ ಎದುರಿಗೆ ಶ್ರೀಶೈಲನ ಕಿರಾಣಿ ಅಂಗಡಿ ಐತಿ. ದೀಪಾನ ಕೈಯಾಗ ಕೊಡು. ಅರಿಷಿಣ ಅಲ್ಲ, ನಿಮ್ಮವ್ವನ ಕೈ ಅಂತ ಹೇಳು."

ಸಿದ್ರಾಯ ನನ್ನ ಮುಖ ನೋಡಿದ. ಮತ್ತೆ ನಗಲಿಲ್ಲ. ಕಾಗದವನ್ನು ಮಡಚದೆ ಅಂಗಿಯ ಒಳಗಿಟ್ಟುಕೊಂಡು ಸೀಟಿ ಊದಿದ.