ಎಡಗೈಗೆ ಒಂದು ವರ್ಷ

ನಮ್ಮ ಭಾವ ನಡೆಯುತ್ತಿದ್ದುದೇ ಬೌಲಿಂಗ್‌ಗೆ ಓಡಿಬರುವವರ ಹಾಗೆ: ಮೊದಲ ಎರಡು ಹೆಜ್ಜೆ ಗಿಡ್ಡ, ಆಮೇಲಿನವು ನೀಳ, ರೋಗಿಯ ಮಂಚದ ಬಳಿ ಬಂದೊಡನೆ ಎಡಗಾಲೂರಿ ತಟಕ್ಕನೆ ನಿಲುಗಡೆ. ಮಿಲಿಟರಿ ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ಆ ಬೂಟುಗಳ ಲಯ ಕೇಳಿಸಿದರೆ ಸಾಕು, ಕಾಲು ಮುರಿದುಕೊಂಡು ಮಲಗಿದ ಸಿಪಾಯಿಗಳೂ ಹೊದಿಕೆ ಸರಿಪಡಿಸಿಕೊಳ್ಳುತ್ತಿದ್ದರು. ಅವರ ಬಿಳಿ ಕೋಟಿನ ಬಲಜೇಬು ಸದಾ ಜೋತುಬಿದ್ದಿರುತ್ತಿತ್ತು; ಅದರೊಳಗೊಂದು ಕ್ರಿಕೆಟ್ ಚೆಂಡು. ಅದರ ಕೆಂಪು ಬಣ್ಣ ಕೋಟಿಗೆ ಹತ್ತಿ, ಹೊಸದಾಗಿ ಬಂದವರು ರಕ್ತವೆಂದು ಬಗೆದು ಬಿಳಿಚಿಕೊಳ್ಳುವುದೂ, ದಾದಿಯರು ನಗುತ್ತ ಧೈರ್ಯ ಹೇಳುವುದೂ ಅಲ್ಲಿ ನಿತ್ಯದ ಸಂಗತಿ.

ನಾನು ಅವರ ಹೆಂಡತಿಯ ತಮ್ಮ. ಆಸ್ಪತ್ರೆಯ ತಂಡಕ್ಕೆ ವಿಕೆಟ್ ಕೀಪರ್. ಸ್ಟಂಪಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಅವರ ಬಲಗೈಯ ತೋರುಬೆರಳು ಚೆಂಡಿಗೆ ಕೊಡುತ್ತಿದ್ದ ತಿರುವನ್ನು ನನ್ನಷ್ಟು ಗಮನವಿಟ್ಟು ಕಂಡವರಿಲ್ಲ. ಚೆಂಡು ಬೌಂಡರಿ ದಾಟಿದರೆ ಅವರು ಮುಖ ಸಣ್ಣದು ಮಾಡುತ್ತಿರಲಿಲ್ಲ. "ಆಯ್ತು, ಇನ್ನೊಂದು" ಎಂದು ಕೈಚಾಚುತ್ತಿದ್ದರು. ಆಪರೇಷನ್ ಮೇಜಿನ ಬಳಿ ದಾರ ತುಂಡಾದಾಗಲೂ ದಾದಿಗೆ ಅದೇ ಮಾತು.

ಆ ಬೆರಳೇ ಹೋಯಿತು. ಗಡಿಯ ಡೇರೆಯೊಂದರಲ್ಲಿ ಸಿಪಾಯಿಯೊಬ್ಬನ ನುಚ್ಚುನೂರಾದ ಕಾಲನ್ನು ಶುಚಿಮಾಡುವಾಗ ಮೂಳೆಯ ಚೂರೊಂದು ಕೈಗವಸು ಸೀಳಿ ಒಳಹೊಕ್ಕಿತು. ಅಲ್ಲಿಗೇ ಬಿಟ್ಟೆದ್ದರೆ ಆ ಕಾಲು ಉಳಿಯುವಂತಿರಲಿಲ್ಲ. ಭಾವ ಗವಸು ಬದಲಿಸಿ, ಕೆಲಸ ಮುಗಿಸಿಯೇ ಎದ್ದರು. ಮೂರನೆಯ ದಿನಕ್ಕೆ ನಂಜೇರಿ ಅಂಗೈ ಊದಿಕೊಂಡಿತು. ಕೈ ಉಳಿದರೂ ತೋರುಬೆರಳೂ ಹೆಬ್ಬೆರಳೂ ಮರಗಟ್ಟಿ ನಿಂತವು.

ಮೆಡಿಕಲ್ ಬೋರ್ಡಿನವರು ಔಷಧ ಉಗ್ರಾಣದ ಮೇಲ್ವಿಚಾರಣೆ ವಹಿಸಿಕೊಳ್ಳಿ ಎಂದರು. ಭಾವ ಒಂದು ವರ್ಷದ ಗಡುವು ಕೇಳಿದರು. ಅಂದಿನಿಂದ ಮನೆಯಲ್ಲಿ ಎಡಗೈಯ ಶಾಲೆ ಶುರುವಾಯಿತು. ಮಂಚದ ಕಾಲಿಗೆ, ಕಿಟಕಿಯ ಸರಳಿಗೆ, ಕುರ್ಚಿಯ ತೋಳಿಗೆ ಎಲ್ಲೆಂದರಲ್ಲಿ ದಾರದ ಗಂಟುಗಳು. ಕ್ಷೌರಕ್ಕೆ ಕೂತರೆ ಗಲ್ಲದ ತುಂಬ ಗೀರು. ಅಂಗಿಯ ಗುಂಡಿಗಳೊಡನೆ ಅವರು ಸೆಣಸುವುದನ್ನು ನೋಡಲಾರದೆ ಅಕ್ಕ ಒಮ್ಮೆ ಕೈಹಾಕಿದಳು. ಅವರು ಹಿಂದೆ ಸರಿದರು.

"ನೀನು ಹಾಕಿದ್ರೆ ನಿನ್ನ ಕೈ ಕಲಿಯುತ್ತೆ. ನನ್ನದು ಕಲಿಯೋದು ಯಾವಾಗ?"

ಅಕ್ಕ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಮಾರನೆಯ ದಿನದಿಂದ ಅವರನ್ನು ಅರ್ಧ ಗಂಟೆ ಮುಂಚೆ ಎಬ್ಬಿಸತೊಡಗಿದಳು.

ಎಡಗೈಯಲ್ಲಿ ಅವರು ಎಸೆದ ಮೊದಲ ಓವರ್ ನೆನೆದರೆ ಈಗಲೂ ನನಗೆ ಮೈ ಬೆವರುತ್ತದೆ. ಎರಡು ಚೆಂಡು ನನ್ನ ತಲೆಯ ಮೇಲೆ ಹಾರಿದವು. ಮೂರನ್ನು ಎದುರು ತಂಡದ ಅಡುಗೆಭಟ್ಟ ಬೇಲಿಯಾಚೆ ಅಟ್ಟಿದ. ಪ್ರೇಕ್ಷಕರು ನಗಲು ಹೆದರಿ ಸುಮ್ಮನಿದ್ದುದು ನಗುವುದಕ್ಕಿಂತ ಕೆಟ್ಟದಾಗಿತ್ತು. ಚೆಂಡನ್ನು ಇಸಿದುಕೊಳ್ಳಲು ನಾಯಕ ಬಂದಾಗ ಭಾವ ಎಂದಿನ ಧ್ವನಿಯಲ್ಲೇ ಇನ್ನೊಂದು ಓವರ್ ಕೇಳಿ ಪಡೆದರು. ಅದೂ ಚೆನ್ನಾಗಿರಲಿಲ್ಲ.

ವರ್ಷ ತುಂಬಿದ ದಿನ ಬೋರ್ಡಿನ ಮುಖ್ಯಸ್ಥೆ, ಹಿರಿಯ ಶಸ್ತ್ರವೈದ್ಯೆ, ಹೊಲಿದು ತೋರಿಸಲು ಮೇಜಿನ ಮೇಲೆ ಬಟ್ಟೆಯ ತುಂಡಿಟ್ಟರು. ಭಾವ ಅದನ್ನು ಮುಟ್ಟಲಿಲ್ಲ.

"ಬಟ್ಟೆ ಬೇಡ ಮೇಡಂ. ನಾಳೆ ಬೆಳಿಗ್ಗೆ ಒಂದು ಆಪರೇಷನ್ ಕೊಡಿ, ನನ್ನ ಪಕ್ಕದಲ್ಲೇ ನಿಂತ್ಕೊಳ್ಳಿ. ಕೈ ನಡುಗಿದ್ರೆ ಕತ್ತರಿ ಕಿತ್ಕೊಳ್ಳಿ, ನಾನೇ ಉಗ್ರಾಣಕ್ಕೆ ಹೋಗ್ತೀನಿ."

ಹರ್ನಿಯಾ ಆಗಿದ್ದ ಲಾರಿ ಚಾಲಕನೊಬ್ಬ ವಿಷಯವೆಲ್ಲ ಕೇಳಿಯೂ ಒಪ್ಪಿ ಮಲಗಿದ. ಮುಕ್ಕಾಲು ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಮುಖ್ಯಸ್ಥೆ ಒಮ್ಮೆ ಮಾತ್ರ ಕೈಚಾಚಿ, ಏನೋ ಯೋಚಿಸಿ ಹಿಂದಕ್ಕೆಳೆದುಕೊಂಡರಂತೆ. ಸಣ್ಣ ಶಸ್ತ್ರಚಿಕಿತ್ಸೆಗಳಿಗೆ ಅನುಮತಿ ಬಂತು. ದೊಡ್ಡವುಗಳಿಗೆ ಬರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಆದೇಶವನ್ನು ಓದಿದಾಗ ಭಾವನ ಕೆನ್ನೆಯ ನರವೊಂದು ಅದುರಿದ್ದನ್ನು ನಾನು ಬಲ್ಲೆ. ಕಾಗದ ಮಡಚಿಟ್ಟು, ಮುಂದಿನ ರೋಗಿ ಯಾರೆಂದು ಕೇಳಿದರು. ನಿವೃತ್ತಿಯವರೆಗಿನ ಹದಿಮೂರು ವರ್ಷ ಅವರು ಹೊಲಿದ ಗಾಯಗಳಿಗೆ ಲೆಕ್ಕವಿಲ್ಲ. ಕೆಡವಿದ ವಿಕೆಟ್ಟುಗಳು ಮಾತ್ರ ಒಂಬತ್ತು.

ಇಂಥವರನ್ನು ಲೋಕ ಹಠಮಾರಿಗಳೆಂದು ಕರೆದು ಕೈತೊಳೆದುಕೊಳ್ಳುತ್ತದೆ. ಹಠ ಗೆಲುವನ್ನು ಬೇಡುತ್ತದೆ. ಇವರು ಬೇಡುವುದು ಕೆಲಸವನ್ನು. ಕಳೆದುದರ ಮುಂದೆ ಅಳುತ್ತ ಕೂರಲು ಇವರಿಗೆ ಪುರುಸೊತ್ತಿಲ್ಲ. ಉಳಿದುದು ಎಷ್ಟು ಒರಟಾಗಿದ್ದರೂ ಅದಕ್ಕೆ ಮೊದಲಿನಿಂದ ಅಕ್ಷರಾಭ್ಯಾಸ ಮಾಡಿಸುತ್ತಾರೆ, ಮತ್ತು ಅದು ತಪ್ಪಿ ಬರೆಯುವುದನ್ನು ನಾಲ್ಕು ಜನ ನೋಡಿದರೆ ನಾಚುವುದಿಲ್ಲ.