ಮೂರು ಹಸಿರು ದೀಪ

“ಆಫ್ ಮಾಡಿ ಮೂವತ್ತರ ತನಕ ಎಣಿಸಿದ್ರಾ ಸರ್?”

ಎಣಿಸಿದ್ದ. ಬೆಳಗ್ಗಿನಿಂದ ಅದನ್ನೇ ಮಾಡುತ್ತಿದ್ದ. ಇಲ್ಲವೆಂದರೆ ಇಂಟರ್ನೆಟ್ ಕಂಪನಿಯ ಹುಡುಗಿ ಮತ್ತೆ ಎಣಿಸಲು ಹೇಳುತ್ತಾಳೆಂದು ಗೊತ್ತಿದ್ದರಿಂದ ಜೋರಾಗಿ “ಹೂಂ” ಎಂದ.

“ಈಗ ರೂಟರ್‌ನಲ್ಲಿ ದೀಪ ಯಾವ ಬಣ್ಣ ಇದೆ?”

“ಹಸಿರು. ಮೂರೂ ಹಸಿರು.”

“ಹಾಗಾದ್ರೆ ಸರಿ ಇದೆಯಲ್ಲಾ ಸರ್?”

“ಸುಮ್ನಿದ್ರೆ ಸರಿ ಇರುತ್ತೆ. ಮಾತಾಡೋಕೆ ಕೂತ್ರೆ ಹೋಗುತ್ತೆ.”

ಹುಡುಗಿಗೆ ಕಲಿಸಿಕೊಟ್ಟ ಉತ್ತರಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲವೇನೋ. ನಾಳೆಯೋ ನಾಡಿದ್ದೋ ಯಾರನ್ನಾದರೂ ಕಳಿಸುತ್ತೇನೆ ಎಂದು ಫೋನಿಟ್ಟಳು. ನಾಳೆ ಬಂದು ಏನುಪಯೋಗ? ಮಗಳು ಕಾಣುವುದು ಇವತ್ತು ಸಂಜೆ ಐದಕ್ಕೆ.

ಗಂಡ ಹೆಂಡತಿ ಬೇರೆಯಾದಾಗ ಆದ ಮಾತು ಅದು. ಮಗಳು ತಾಯಿಯ ಜೊತೆ ಇನ್ನೊಂದು ಊರಿನಲ್ಲಿ. ಇವನಿಗೆ ಭಾನುವಾರ ಸಂಜೆ ಪರದೆಯ ಮೇಲೆ ಅವಳ ಮುಖ. ಕಳೆದ ವಾರ ಲೈನು ಮತ್ತೆ ಮತ್ತೆ ಹೋಗಿ, ಕೊನೆಗೆ ಅವಳ ತಾಯಿಯೇ ಪರದೆಯೊಳಗೆ ತಲೆ ಹಾಕಿದ್ದಳು. “ವಾರ ವಾರ ಇದೇನು ಗೋಳು? ಮುಂದಿನ ಸಲಾನೂ ಹೀಗೇ ಆದ್ರೆ ತಿಂಗಳಿಗೊಮ್ಮೆ ಇಟ್ಕೊಳ್ಳೋಣ. ಅವಳಿಗೂ ಓದೋದಿರುತ್ತೆ.” ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ಕೇಳಬೇಕೆನಿಸಿತ್ತು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಮಗಳು ಏನಾದರೂ ಹೇಳಿದಳೋ ಇಲ್ಲವೋ ತಿಳಿಯಲಿಲ್ಲ.

ಚಿತ್ರ ನಿಂತಾಗ ಅಪ್ಪ, ಮಗಳು ಇಬ್ಬರೂ ಕರೆ ಮುಗಿಸುತ್ತಿರಲಿಲ್ಲ. ತಾನಾಗಿ ಕಡಿಯುವ ತನಕ ಕಾಯುವುದು ಅವರ ರೂಢಿ. ಮತ್ತೆ ಸಿಕ್ಕಾಗ ಮಗಳು, “ಅಪ್ಪಾ, ನೀನು ಬಾಯಿ ತೆರ್ಕೊಂಡೇ ನಿಂತುಬಿಟ್ಟಿದ್ದೆ,” ಎಂದು ನಗುತ್ತಿದ್ದಳು. ವಾರವೆಲ್ಲ ಅವನ ಕಿವಿಯಲ್ಲಿ ಉಳಿಯುತ್ತಿದ್ದದ್ದು ಆ ನಗು.

ವಿಮೆ ಕಂಪನಿಯಲ್ಲಿ ಅವನ ಕೆಲಸ ನಷ್ಟದ ಕಾರಣ ಹುಡುಕುವುದು. ಸುಟ್ಟ ಗೋದಾಮಿನಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ಓಡಾಡಿ, ಬೆಂಕಿ ಹುಟ್ಟಿದ್ದು ಈ ಮೂಲೆಯಲ್ಲಿ ಎಂದು ಬೆರಳಿಟ್ಟು ತೋರಿಸುತ್ತಿದ್ದ. ತನ್ನ ಸಂಸಾರಕ್ಕೆ ಬೆರಳಿಡುವ ಜಾಗ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಜಗಳ ಆಗಿರಲಿಲ್ಲ. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಒಂದು ದಿನ ಊಟದ ಮೇಜಿನಲ್ಲಿ ಆಡಲು ಮಾತಿರಲಿಲ್ಲ, ಮರುದಿನವೂ ಇರಲಿಲ್ಲ.

ರೂಟರನ್ನು ಫ್ರಿಜ್ಜಿನ ಮೇಲಿಂದ ಕಪಾಟಿಗೆ, ಕಪಾಟಿನಿಂದ ಕಿಟಕಿಗೆ ಹೊತ್ತ. ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಿದ. ವೈರು ಬದಲಾಯಿಸಿದ. ಪರೀಕ್ಷೆಗೆಂದು ಯಾವುದೋ ವಿಡಿಯೋ ಹಾಕಿದ ಕೂಡಲೇ ದೀಪಗಳೆಲ್ಲ ಆರಿ, ಒಂದೇ ಒಂದು ಕೆಂಪಾಗಿ ಮಿಟುಕಿತು. “ಹಾಳಾಗಿ ಹೋಗು,” ಎಂದು ಬೈದ. ಫೋನಿನ ಮಾತು ಬಿಟ್ಟರೆ ಆ ಮನೆಯಲ್ಲಿ ಅವತ್ತು ಯಾರೋ ಯಾರಿಗೋ ಆಡಿದ ಮೊದಲ ಮಾತು ಅದು.

ಪ್ಲಗ್ ಕೀಳಲು ಹೋದಾಗ ಅಡಾಪ್ಟರ್ ಕೈ ಸುಟ್ಟಿತು. ಕನ್ನಡಕ ಹಾಕಿಕೊಂಡು ಅದರ ಬೆನ್ನಿನ ಸಣ್ಣ ಅಕ್ಷರ ಓದಿದ. ರೂಟರಿನದಲ್ಲ, ಟೇಬಲ್ ಲ್ಯಾಂಪಿನದು. ರೂಟರಿಗೆ ಬೇಕಾದ ಕರೆಂಟಿನ ಅರ್ಧವನ್ನೂ ಅದು ಕೊಡುವಂತಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ ಹಾಗಾಗಿತ್ತು. ಮನೆಯ ಸಾಮಾನು ಹಂಚಿಕೊಂಡ ದಿನ ಎಷ್ಟೊಂದು ಮರ್ಯಾದೆಯಿಂದ ಹಂಚಿಕೊಂಡಿದ್ದರು! ನೀನು ತಗೋ, ಬೇಡ ನೀನೇ ಇಟ್ಕೋ ಎನ್ನುತ್ತ ಒಬ್ಬರ ಮುಖ ಒಬ್ಬರು ನೋಡದೆ ಡಬ್ಬ ತುಂಬಿದ್ದರು. ಲ್ಯಾಂಪು ಅವಳ ಜೊತೆ ಹೋಯಿತು, ರೂಟರ್ ಇಲ್ಲಿ ಉಳಿಯಿತು. ಎರಡೂ ಕಪ್ಪು ಅಡಾಪ್ಟರುಗಳು ಅದಲು ಬದಲಾಗಿದ್ದವು.

ಮಗಳ ತಾಯಿಗೆ ಫೋನ್ ಮಾಡಿದ.

“ಏನು?”

“ಆ ಟೇಬಲ್ ಲ್ಯಾಂಪ್ ಹತ್ತುತ್ತಾ?”

“ಹತ್ತುತ್ತೆ. ಯಾಕೆ?”

“ಅದಕ್ಕೆ ಹಾಕಿರೋ ಅಡಾಪ್ಟರ್ ಇಲ್ಲಿಂದು. ಬದಲಾಗಿಬಿಟ್ಟಿದೆ.”

“ಹೌದಾ? ಇಲ್ಲಿ ಏನೂ ತೊಂದರೆ ಇಲ್ಲಪ್ಪ. ಚೆನ್ನಾಗೇ ಉರೀತಿದೆ. ಕಳಿಸ್ಲಾ?”

“ಬೇಡ ಬಿಡು. ಹೊಸದು ತರ್ತೀನಿ.”

“ಸರಿ ಮತ್ತೆ.”

ಬೀದಿ ಕೊನೆಯ ಎಲೆಕ್ಟ್ರಿಕ್ ಅಂಗಡಿಯವನು ಅರ್ಧ ಬಾಗಿಲು ಎಳೆದಿದ್ದ. “ಭಾನುವಾರಾನೂ ಬಿಡಲ್ವಾ ಸಾರ್?”

“ಮಗಳ ಜೊತೆ ಮಾತಾಡ್ಬೇಕಿತ್ತು.”

“ಅಯ್ಯೋ, ಹಾಗಂತ ಮೊದ್ಲೇ ಹೇಳ್ಬಾರ್ದಾ!” ಅಂಗಡಿಯವನು ಬಗ್ಗಿ ಒಳಗೆ ಹೋಗಿ ಹೊಸ ಅಡಾಪ್ಟರ್ ತಂದುಕೊಟ್ಟ. ಅದನ್ನು ಜೇಬಿನಲ್ಲಿಟ್ಟು ನಡೆಯುವಾಗ ಅವನಿಗೆ ಸಂತೋಷವಾಯಿತು. ಎಷ್ಟೋ ಕಾಲದ ನಂತರ ಒಂದು ಕಾರಣಕ್ಕೆ ಬೆರಳಿಟ್ಟಿದ್ದ.

ಐದಕ್ಕೆ ಮಗಳು ಬಂದಳು. ಕಣ್ಣರೆಪ್ಪೆ ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದಳು. ಅವಳ ಪಕ್ಕದಲ್ಲಿ ಅದೇ ಲ್ಯಾಂಪು ಉರಿಯುತ್ತಿತ್ತು, ಹಿಂದೆ ಕಿಟಕಿಯ ಪರದೆ.

“ಅಪ್ಪಾ, ಕಾಣಿಸ್ತಾ ಇದೀನಾ?”

“ಚೆನ್ನಾಗಿ. ನಾನು?”

“ಹೂಂ. ಕೇಳಿಸ್ತಾ ಇದ್ಯಾ?”

“ಕೇಳಿಸ್ತಿದೆ ಪುಟ್ಟಿ. ರಿಪೇರಿ ಮಾಡ್ದೆ. ಇನ್ಮೇಲೆ ಹೋಗಲ್ಲ.”

“ಓ,” ಎಂದಳು.

“ಊಟ ಆಯ್ತಾ?” ಸಂಜೆ ಐದಕ್ಕೆ ಯಾರು ಊಟ ಮಾಡುತ್ತಾರೆ ಎಂದು ಅವನಿಗೇ ನಾಚಿಕೆಯಾಯಿತು.

“ಆಯ್ತು.”

“ಸ್ಕೂಲು?”

“ನಡೀತಿದೆ.”

“ಕೂದಲು ಕತ್ತರಿಸ್ಕೊಂಡಿದೀಯಾ?”

“ಅದು ತುಂಬಾ ದಿನ ಆಯ್ತಪ್ಪಾ.”

ಆಮೇಲೆ ಏನು? ಇಷ್ಟು ಕಾಲ ಅವರು ಆಡಿದ್ದು ಕಾಣಿಸ್ತಾ, ಕೇಳಿಸ್ತಾ ಎಂಬ ಎರಡೇ ಮಾತು. ಉಳಿದದ್ದನ್ನೆಲ್ಲ ಕೆಟ್ಟ ಲೈನು ತುಂಬಿಕೊಡುತ್ತಿತ್ತು. ಈಗ ಕಾಣುತ್ತಿತ್ತು, ಕೇಳುತ್ತಿತ್ತು. ಊಟದ ಮೇಜಿನ ಆ ಮೌನ ಗುರುತು ಹಿಡಿದು ಬಂದು ಇಬ್ಬರ ನಡುವೆ ಕುಳಿತಿತು. ಬೆಂಕಿ ಹುಟ್ಟಿದ ಮೂಲೆ ತಾನೇ ಎಂದು ಅವನಿಗೆ ಅನ್ನಿಸಿತು.

“ಮತ್ತೆ... ವಿಶೇಷ?”

ಮಗಳು ತುಟಿ ಅರ್ಧ ತೆರೆದು, ಒಂದು ಕೈ ಕೆನ್ನೆಯ ಹತ್ತಿರ ಎತ್ತಿ, ಹಾಗೇ ನಿಂತುಬಿಟ್ಟಿದ್ದಳು.

ಲೈನು ಹೋಯಿತೆಂದು ಅವನು ಕಿಟಕಿಯತ್ತ ನೋಡಿದ. ರೂಟರಿನ ಮೂರೂ ದೀಪ ಹಸಿರಾಗಿದ್ದವು. ಮತ್ತೆ ಪರದೆಯತ್ತ ತಿರುಗಿದ. ಮಗಳ ಬೆನ್ನ ಹಿಂದೆ ಕಿಟಕಿಯ ಪರದೆ ಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯಿತು.

ಅವಳು ಬೇಕೆಂದೇ ಹಾಗೆ ಕುಳಿತಿದ್ದಳು. ಲೈನು ಕಡಿಯಲೆಂದು ಕಾಯುತ್ತಿದ್ದಳು.

ಪುಟ್ಟಿ, ಕಾಣಿಸ್ತಾ ಇದೀಯ ಕಣೇ, ಎಂದುಬಿಡಬಹುದಿತ್ತು. ಅವಳು ನಗುತ್ತಿದ್ದಳೋ, ನಾಚಿ ಸಾಯುತ್ತಿದ್ದಳೋ. ಅವಳಿಗೆ ಅವಮಾನ ಮಾಡಲು ಅವನಿಗೆ ಮನಸ್ಸಾಗಲಿಲ್ಲ.

“ಹಲೋ?” ಎಂದ. “ಹಲೋ, ಕೇಳಿಸ್ತಾ? ಹೋಯ್ತು ಅನ್ಸುತ್ತೆ. ಥೂ, ಮತ್ತೆ...”

ಆ ಮಾತಿನ ನಡುವೆಯೇ, ಬಾಯಿ ತೆರೆದುಕೊಂಡೇ, ಅವನೂ ನಿಂತುಬಿಟ್ಟ.

ರೂಟರಿನ ಸ್ವಿಚ್ಚು ಕೈಗೆಟುಕುವ ದೂರದಲ್ಲೇ ಇತ್ತು. ಆದರೆ ಅದನ್ನು ಆರಿಸಲು ಕೈ ಚಾಚಿದರೆ ಅವಳಿಗೆ ಕಾಣುತ್ತದೆ. ಎತ್ತಿದ ಅವಳ ಕೈ ಸಣ್ಣಗೆ ನಡುಗತೊಡಗಿತು. ರೆಪ್ಪೆ ಬಡಿಯದ ಕಣ್ಣಿನಲ್ಲಿ ನೀರು ತುಂಬಿ, ಒಂದು ಹನಿ ಲ್ಯಾಂಪಿನ ಬೆಳಕಿನಲ್ಲಿ ಕೆನ್ನೆಯ ಮೇಲೆ ಇಳಿಯಿತು. ಅವನ ದವಡೆ ನೋಯುತ್ತಿತ್ತು. ಕಿಟಕಿಯಲ್ಲಿ ಮೂರು ದೀಪಗಳು ಒಂದಿಷ್ಟೂ ಮಿಟುಕದೆ ಹಸಿರಾಗಿ ಉರಿಯುತ್ತಿದ್ದವು.